ಒಂದೇ ರಕ್ತ, ಬೇರೆ ಚರ್ಮ

ಶಿರೋಳದಿಂದ ರೋಣದ ದವಾಖಾನೆಗೆ ಅವಳನ್ನು ಎತ್ತಿನ ಗಾಡಿಯಲ್ಲಿ ಬೋರಲು ಮಲಗಿಸಿಕೊಂಡು ತಂದರು. ಮೈಮೇಲೆ ಒದ್ದೆ ಧೋತರ ಹೊದಿಸಿದ್ದರು. ಧೋತರ ತೆಗೆದು ನೋಡಿದರೆ, ಯಾರೋ ತಿಳಿದವರು ಸುಟ್ಟ ಬೆನ್ನಿನ ಮೇಲೆ ಶಾಯಿ ಸುರಿದಿದ್ದರು. ಇನ್ನಾರೋ ಅವರಿಗಿಂತ ತಿಳಿದವರು ಅದರ ಮೇಲೆ ಬೆಣ್ಣೆ ಬಳಿದಿದ್ದರು. ನಾನು ಮೊದಲು ಮಾಡಿದ ಕೆಲಸವೆಂದರೆ ಬಾಯಿಗೆ ಬಂದಂತೆ ಬೈದದ್ದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹೆದರಿದಾಗ ಇನ್ನೂ ಬೇಗ ಬರುತ್ತದೆ. ಗಾಡಿಯ ಹಿಂದೆ ನಡೆದು ಬಂದಿದ್ದ ಅವಳ ಗಂಡ ಎಲ್ಲವನ್ನೂ ಬೈಸಿಕೊಂಡ. ಅವನ ಹೆಗಲ ಮೇಲೆ ಹಾಲುಗೂಸೊಂದು ನಿದ್ದೆ ಮಾಡುತ್ತಿತ್ತು.

ಕರ್ನಾಟಕ ಒಂದಾದ ಮೇಲಿನ ಮೊದಲ ಬೇಸಿಗೆ ಅದು. ನಮ್ಮ ದವಾಖಾನೆ ಮುಂಬಯಿಯವರ ಕೈಯಿಂದ ಮೈಸೂರಿನವರ ಕೈಗೆ ಬಂದಿತ್ತು. ಔಷಧ ಕೇಳಿ ಬರೆದ ಕಾಗದಗಳು ಮಾತ್ರ ಯಾರ ಕೈಗೂ ಸಿಗದೆ ನಡುವೆ ಎಲ್ಲೋ ಅಲೆಯುತ್ತಿದ್ದವು. ಇದ್ದದ್ದು ಕೆಲವು ಮಂಚ, ಒಂದು ಆಪರೇಷನ್ ಕೋಣೆ, ನಾನು, ನರಗುಂದದ ಕಡೆಯ ಒಬ್ಬ ನರ್ಸಬಾಯಿ ಮತ್ತು ಒಬ್ಬ ಕಂಪೌಂಡರ್. ಹೆರಿಗೆ, ಹಾವು ಕಡಿತ, ಮುರಿದ ಕೈಕಾಲು, ಅಂಡವಾಯು ಇಷ್ಟಕ್ಕೆ ನಾವು ಸಾಕಾಗುತ್ತಿದ್ದೆವು. ಇದಕ್ಕೆ ಸಾಲುವುದಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಏನಾಯಿತೆಂದು ಗಂಡ ಹೇಳಿದ. ಬಿಡಿಸಿದ ಹತ್ತಿಯನ್ನು ಇನ್ನೂ ನರಗುಂದದ ಪೇಟೆಗೆ ಒಯ್ದಿರಲಿಲ್ಲ. ಪಡಸಾಲೆಯ ತುಂಬ ತೊಲೆಯವರೆಗೆ ಒಟ್ಟಿದ್ದರು. ಸಂಜೆ ಚಿಮಣಿ ದೀಪ ಉರುಳಿ ಹತ್ತಿಗೆ ಬೆಂಕಿ ತಾಗಿತು. ಎಲ್ಲರೂ ಹೊರಗೆ ಓಡಿದರು. ಕೂಸು ಒಳಕೋಣೆಯ ತೊಟ್ಟಿಲಲ್ಲಿತ್ತು.

"ನಾ ಹೊಲದಿಂದ ಬರೂದ್ರಾಗ ಅಕಿ ದನದ ಬಾನ್ಯಾಗ ಕಂಬಳಿ ಅದ್ದಿ, ತಲಿಮ್ಯಾಲ ಹಾಕ್ಕೊಂಡು ಒಳಗ ಹೋಗಿಬಿಟ್ಟಿದ್ಲರಿ," ಎಂದ. "ಕೂಸಿಗೆ ಏನೂ ಆಗಿಲ್ರಿ. ಅದರ ಒಂದ ಕೂದಲಾನೂ ಸುಟ್ಟಿಲ್ಲ."

ಒದ್ದೆ ಕಂಬಳಿ ಅವಳ ತಲೆ, ಮುಖ, ಭುಜಗಳನ್ನು ಉಳಿಸಿತ್ತು. ಬಗ್ಗಿ ಕೂಸನ್ನು ಹೊಟ್ಟೆಗೆ ಅವುಚಿಕೊಂಡು ಬಂದದ್ದರಿಂದ ಎದೆ, ಹೊಟ್ಟೆ ಉಳಿದಿದ್ದವು. ಉಳಿದ ಮೈಯನ್ನು ಬೆಂಕಿ ಬಿಟ್ಟಿರಲಿಲ್ಲ. ಕೈ, ತೊಡೆಗಳ ಮುಂಭಾಗ, ಮೊಣಕಾಲ ಕೆಳಗೆ ಮೇಲುಮೇಲೆ ಸುಟ್ಟಿತ್ತು, ಅದು ತಾನಾಗಿ ಮಾಯುತ್ತದೆ. ಬೆನ್ನು, ಕುಂಡೆ, ತೊಡೆಗಳ ಹಿಂಭಾಗ ಆಳಕ್ಕೆ ಸುಟ್ಟಿದ್ದವು. ಅಲ್ಲಿ ಸೂಜಿ ಚುಚ್ಚಿದರೂ ಅವಳಿಗೆ ಗೊತ್ತಾಗಲಿಲ್ಲ. ನೋವಿಲ್ಲದ ಜಾಗ ಅಂದರೆ ಸತ್ತ ಜಾಗ. ಅವಳಿಗೆ ಇಪ್ಪತ್ತು ದಾಟಿರಲಿಲ್ಲ.

"ಉಳೀತಾಳೇನ್ರಿ?" ಎಂದು ಕೇಳಿದ.

"ಮದಲ ಈ ವಾರ ದಾಟ್ಲಿ," ಎಂದೆ.

ದಾಟಿದಳು. ಮೊಣಕೈಯ ನರದಲ್ಲಿ ಸಲೈನ್ ಹನಿಸಿದೆವು. ಉಪ್ಪು, ಸೋಡಾ ಕದಡಿದ ನೀರನ್ನು ನರ್ಸಬಾಯಿ ಗುಟುಕು ಗುಟುಕಾಗಿ ಕುಡಿಸಿದಳು. ರಕ್ತ ಬೇಕಾಯಿತು. ಆ ಹೊತ್ತಿಗೆ ಅವಳ ತಾಯಿ ಲಕ್ಕಲಕಟ್ಟಿಯಿಂದ ಬಂದಿದ್ದಳು. ತಾಯಿಯ ರಕ್ತ ಪರೀಕ್ಷಿಸಿದೆ, ಗಂಡನದೂ ಪರೀಕ್ಷಿಸಿದೆ. ಮೂವರದೂ ಒಂದೇ ಗುಂಪು.

"ಇರದ ಏನ್ ಮಾಡತೈತ್ರಿ?" ಎಂದು ತಾಯಿ ನನ್ನ ಪರೀಕ್ಷೆಯನ್ನೇ ಕಡೆಗಣಿಸಿದಳು. "ಅಕಿ ಗಂಡ ಅಂದ್ರ ನನ್ನ ಖಾಸ ತಮ್ಮ. ಹೊರಗಿನ ರಕ್ತ ಇದರಾಗ ಎಲ್ಲೆತಿ?"

ಆಗ ತಿಳಿಯಿತು. ಲಕ್ಕಲಕಟ್ಟಿಗೆ ಮದುವೆಯಾಗಿ ಹೋದ ಈ ತಾಯಿ ಮಗಳನ್ನು ಮರಳಿ ತನ್ನ ತವರಿಗೇ, ತನ್ನ ತಮ್ಮನಿಗೇ ಕೊಟ್ಟಿದ್ದಳು. ನಮ್ಮ ಕಡೆ ಇದರಲ್ಲಿ ಹೊಸದೇನಿಲ್ಲ. ಹುಡುಗಿ ಗಂಡನನ್ನು ಮದುವೆಗೆ ಮುಂಚೆ ಕರೆದ ಹಾಗೆಯೇ 'ಮಾಮಾ' ಎನ್ನುತ್ತಿದ್ದಳು. ಅತ್ತೆಯನ್ನು 'ಆಯಿ' ಎನ್ನುತ್ತಿದ್ದಳು, ಏಕೆಂದರೆ ಅತ್ತೆ ಅವಳ ತಾಯಿಯ ತಾಯಿ. ಆ ಮುದುಕಿಯೂ ಮರುದಿನ ಬಂದು ವರಾಂಡದಲ್ಲಿ ಗಂಟು ಇಳಿಸಿದಳು. ಹೀಗೆ ಒಂದು ಮನೆಯ ಮೂರು ಜನ ನನ್ನ ದವಾಖಾನೆಯಲ್ಲಿ ಬೀಡುಬಿಟ್ಟರು.

ಸತ್ತ ಚರ್ಮ ಸಡಿಲಾಗಿ ಬರಲು ವಾರಗಳು ಹಿಡಿದವು. ದಿನಾ ಬಿಸಿ ಉಪ್ಪುನೀರಿನಲ್ಲಿ ನೆನೆಸುವುದು, ಬಿಟ್ಟಷ್ಟನ್ನು ಕತ್ತರಿಯಿಂದ ಬಿಡಿಸುವುದು, ಮತ್ತೆ ಪಟ್ಟಿ. ಪಟ್ಟಿ ಬದಲಿಸುವ ಹೊತ್ತಿಗೆ ನರಳಾಟ ಬೀದಿಗೆ ಕೇಳುತ್ತಿತ್ತು. ನೊಣಕ್ಕೆ ಹೆದರಿ ಮಂಚಕ್ಕೆ ಸೊಳ್ಳೆಪರದೆ ಕಟ್ಟಿದ್ದೆವು. ಒಳಗಿನ ವಾಸನೆಗೆ ಏನು ಕಟ್ಟಬೇಕೆಂದು ಗೊತ್ತಾಗಲಿಲ್ಲ. ಕೊನೆಗೆ ಬೆನ್ನು, ತೊಡೆ ಪೂರ್ತಿ ಹಸಿ ಮಾಂಸವಾಗಿ ಕೆಂಪಗೆ ನಿಂತವು. ಇಂಥ ಗಾಯ ಸುಮ್ಮನೆ ಇರುವುದಿಲ್ಲ. ಉಂಡದ್ದೆಲ್ಲ ಅದರ ಮೂಲಕ ನೀರಾಗಿ ಸೋರಿಹೋಗುತ್ತದೆ. ಅವಳ ಕೈಬಳೆ ಮೊಣಕೈಯವರೆಗೆ ಜಾರತೊಡಗಿತ್ತು. ಗಾಯ ಮುಚ್ಚಿದರೆ ಬದುಕುತ್ತಾಳೆ, ಇಲ್ಲವಾದರೆ ಇಲ್ಲ. ಇದನ್ನು ನಾನು ಮೂವರಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ. ಮುಚ್ಚಲು ಚರ್ಮ ಬೇಕು.

ಮೊದಲು ಅವಳ ಹೊಟ್ಟೆಯಿಂದಲೇ ತೆಗೆದೆ. ಈಥರ್ ಕೊಟ್ಟು, ಜಾಗಕ್ಕೆ ಪ್ಯಾರಫಿನ್ ಎಣ್ಣೆ ಸವರಿ, ಎರಡು ಸಣ್ಣ ಹಲಗೆಗಳಿಂದ ಚರ್ಮವನ್ನು ಆಚೀಚೆ ಎಳೆದು ಬಿಗಿ ಹಿಡಿಸಿ, ನಡುವೆ ಉದ್ದನೆಯ ಚರ್ಮದ ಚಾಕುವನ್ನು ಗರಗಸ ಆಡಿಸಿದ ಹಾಗೆ ಆಡಿಸಬೇಕು. ಕೈ ಹಗುರವಾಗಿದ್ದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬರುತ್ತದೆ, ಚಾಕುವಿನ ಹೊಳಪು ಅದರೊಳಗಿಂದ ಕಾಣುತ್ತದೆ. ಅಷ್ಟು ತೆಳ್ಳಗೆ ತೆಗೆದರೆ ತೆಗೆದ ಜಾಗ ತಾನೇ ಮಾಯುತ್ತದೆ. ತೆಗೆದದ್ದನ್ನು ಅಂಚೆಚೀಟಿಯಷ್ಟು ತುಂಡು ಮಾಡಿ ಗಾಯದ ಮೇಲೆ ಹರಡಿ ಇಟ್ಟು, ಎಣ್ಣೆಯಲ್ಲಿ ನೆನೆಸಿದ ಜಾಳುಬಟ್ಟೆ ಹಾಸಿ, ಹತ್ತಿ ಇಟ್ಟು ಬಿಗಿದೆವು. ತುಂಡುಗಳು ಗಾಯಕ್ಕೆ ಹತ್ತಿಕೊಂಡವು. ಆದರೆ ತೆಗೆದ ಜಾಗ ಕೈಕೊಟ್ಟಿತು. ಬೆನ್ನಿನ ಹಸಿರು ಕೀವು ಹೊಟ್ಟೆಗೂ ಹರಡಿ, ಈರುಳ್ಳಿ ಸಿಪ್ಪೆಯಷ್ಟು ಕೆರೆದ ಜಾಗ ಆಳವಾದ ಹುಣ್ಣಾಯಿತು. ಒಂದು ಗಾಯ ಮುಚ್ಚಲು ಹೋಗಿ ಇನ್ನೊಂದನ್ನು ತೆರೆದಂತಾಯಿತು. ನನಗೆ ಅಳು ಬಂತು. ಅಳಲಾಗದೆ ಕಂಪೌಂಡರನ ಮೇಲೆ ಹರಿಹಾಯ್ದೆ.

ಹೊಳೆಆಲೂರಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಅಲ್ಲಿ ನನಗೆ ಕಲಿಸಿದ್ದ ಹಿರಿಯ ಸರ್ಜನ್ ಒಬ್ಬರಿದ್ದರು. ಎಲ್ಲ ಕೇಳಿ ಅವರು ಕನ್ನಡಕ ತೆಗೆದರು.

"ಇಲ್ಲಿಗೆ ಕರಕೊಂಡ ಬರ್ಲೇನ್ರಿ?" ಎಂದೆ.

"ದಾರ್ಯಾಗ ಹೋಗ್ತಾಳ. ಬಂದ್ರೂ ನಾ ಮಾಡೂದು ಇದನ್ನ. ಬ್ಯಾರೆಯವರ ಚರ್ಮ ಹಾಕಿ ನೋಡು. ಆದ್ರ ಅದು ನಿಲ್ಲಂಗಿಲ್ಲ, ತಿಳೀತೇನು? ಎರಡನೇ ವಾರದಾಗ ಬಿಟ್ಟು ಬರ್ತದ. ಅದು ಬರೇ ಪಟ್ಟಿ ಇದ್ದಂಗ. ಅಷ್ಟರಾಗ ಅಕಿ ನಾಕ ತುತ್ತು ಉಂಡು ಸುಧಾರಿಸಿಕೊಂಡ್ರ, ಅಕೀದ ಚರ್ಮ ಮತ್ತ ತಗೀಬಹುದು."

"ರಕ್ತದ ಗುಂಪು ಕೂಡೇದರಿ."

"ರಕ್ತ ಕೂಡಿದ್ರ ಚರ್ಮ ಕೂಡಬೇಕಂತ ಏನಿಲ್ಲ. ಮೈಗೆ ಅದರದ ಬ್ಯಾರೆ ಒಂದು ಗುರತು ಅದ. ಒಂದ ತತ್ತಿಯೊಳಗ ಹುಟ್ಟಿದ ಅವಳಿ ಇದ್ರ ಮಾತ್ರ ನಿಲ್ತದ. ಅಮೆರಿಕಾದಾಗ ಅಂಥಾ ಅಣ್ಣಗ ತಮ್ಮನ ಮೂತ್ರಪಿಂಡಾನೂ ಹಚ್ಯಾರ, ನಡದದ. ಅವಳಿ ಅಲ್ಲದವರಿಗೆ ಹಚ್ಚಿದ್ದೆಲ್ಲಾ ಹೋಗ್ಯಾವ."

ನಾನು ಸೋದರಮಾವನ ಸಂಬಂಧವನ್ನು ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಹತ್ತಿರದ ರಕ್ತ. ನಾಕ ದಿನ ಹೆಚ್ಚಿಗಿ ನಿಂತೀತೋ ಏನೋ. ನನಗೂ ಗೊತ್ತಿಲ್ಲ." ಆಗಷ್ಟೇ ನಮ್ಮ ಕಡೆ ಹೆಸರು ಕೇಳಿಬರುತ್ತಿದ್ದ ಕಾರ್ಟಿಸೋನ್ ಬಗ್ಗೆ ಕೇಳಿದೆ, ಅದು ಪರಕೀಯ ಚರ್ಮವನ್ನು ಮೈ ತಳ್ಳದಂತೆ ತಡೆಯುತ್ತದೆ ಎಂದು ಎಲ್ಲೋ ಓದಿದ್ದೆ. ಅವರು ಬೇಡವೆಂದು ತಲೆಯಾಡಿಸಿದರು. "ಒಬ್ಬರಿಗೆ ಅದು ಹತ್ತತದ, ಒಬ್ಬರಿಗೆ ಹತ್ತಂಗಿಲ್ಲ. ಯಾಕಂತ ಕೇಳಬ್ಯಾಡ, ಯಾರಿಗೂ ತಿಳಿದಿಲ್ಲ. ಕೀವಿನ ಗಾಯಕ್ಕ ಅದನ್ನ ಕೊಟ್ರ ಚರ್ಮಕ್ಕಿಂತ ಮದಲ ಅಕೀನ ಹೋಗ್ತಾಳ."

ಮರಳಿ ಬಂದು ಕಾರ್ಟಿಸೋನ್ ಆಸೆ ಬಿಟ್ಟೆ. ಮನೆಯವರನ್ನು ಕೂರಿಸಿಕೊಂಡು, ನಿಮ್ಮ ಚರ್ಮ ಹಾಕುತ್ತೇನೆ, ಅದು ಸ್ವಲ್ಪ ದಿನ ಇದ್ದು ಬಿದ್ದುಹೋಗುತ್ತದೆ ಎಂದು ಹೇಳಿದೆ. 'ಹಾಕುತ್ತೇನೆ' ಎಂಬುದು ಅವರ ಕಿವಿಗೆ ಹೋಯಿತು. 'ಬಿದ್ದುಹೋಗುತ್ತದೆ' ಎಂಬುದು ಹೋಗಲಿಲ್ಲ. ತಾಯಿ ಆಗಲೇ ಸೀರೆಯ ನಿರಿಗೆ ಎತ್ತಿ ತೊಡೆ ತೋರಿಸುತ್ತಿದ್ದಳು.

"ಎರಡೂ ತೊಡಿ ತಗೋರಿ. ನನಗ ಏನಾಗಬೇಕಾಗೇತಿ?"

ಜಾಗ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಒಂದೇ ತೊಡೆಯಿಂದ ತೆಗೆದೆ. ಚಾಕು ಆಡುವಾಗ ಅವಳು ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ಬದಲಾಗಿ ಪಕ್ಕದ ಮೇಜಿನ ಮೇಲೆ ಬೋರಲು ಮಲಗಿದ್ದ ಮಗಳಿಗೆ, ಆಕಳು ಕರು ಹಾಕಿದ ಸುದ್ದಿ ಹೇಳುತ್ತಿದ್ದಳು. ತೆಗೆದ ಚರ್ಮವನ್ನು ಉಪ್ಪುನೀರಿನಲ್ಲಿ ತೇಲಿಬಿಟ್ಟು, ತುಂಡು ಮಾಡಿ, ಬೆನ್ನಿನ ಮೇಲೆ ಕೂರಿಸಿದೆ.

ಪಟ್ಟಿ ಬಿಚ್ಚಿದ ದಿನ ತುಂಡುಗಳೆಲ್ಲ ನಸುಗೆಂಪಾಗಿ ಹತ್ತಿಕೊಂಡಿದ್ದವು. ಬೆರಳಿಂದ ಒತ್ತಿದರೆ ಬಿಳುಚಿ, ಬಿಟ್ಟರೆ ಮತ್ತೆ ಕೆಂಪಾಗುತ್ತಿದ್ದವು. ರಕ್ತ ಹರಿಯುತ್ತಿತ್ತು. ಸೋರಿಕೆ ನಿಂತಿತು, ಜ್ವರ ಇಳಿಯಿತು, ಅವಳು ಅರ್ಧ ರೊಟ್ಟಿ ಉಂಡಳು. ಮುದುಕಿ ಇಡೀ ದವಾಖಾನೆಗೆ ಸಕ್ಕರೆ ಹಂಚಿದಳು. ಕೂಸನ್ನು ಹುಡುಗಿಯ ಮುಖದ ಮುಂದೆ ಇಟ್ಟರೆ ಅದು ಅವಳ ಮೂಗು ಹಿಡಿದು ಜಗ್ಗಿತು. "ಬಿಡಲೇ, ಇದೊಂದ ಚಲೋ ಉಳದೈತಿ," ಎಂದಳು. ನರ್ಸಬಾಯಿ ನಕ್ಕಳು. ನಾನೂ ನಕ್ಕೆ. ಇದು ಪಟ್ಟಿ ಮಾತ್ರ ಎಂದು ಮತ್ತೊಮ್ಮೆ ಹೇಳಬೇಕಿತ್ತು, ಯಾರ ಮುಖ ನೋಡಿ ಹೇಳುವುದು?

ಎರಡನೆಯ ವಾರದಲ್ಲಿ ತುಂಡುಗಳ ಅಂಚು ನೀಲಿಯಾಯಿತು. ಅಂಚು ಸುರುಳಿಯೆದ್ದಿತು, ಕೆಳಗೆ ನೀರು ತುಂಬಿತು. ಆಮೇಲಿನ ಪಟ್ಟಿಯ ಜತೆಗೆ ಎಲ್ಲವೂ ಕಿತ್ತು ಬಂದವು. ಹುಡುಗಿಯದೇ ಹೊಟ್ಟೆಯಿಂದ ಮೊದಲು ತೆಗೆದು ಹಾಕಿದ್ದ ತುಂಡುಗಳು ಮಾತ್ರ ಅವುಗಳ ನಡುವೆಯೇ ಇದ್ದವು, ಏನೂ ಆಗದವರಂತೆ.

ಈಗ ಗಂಡನ ಸರದಿ. "ಅಕ್ಕಂದು ವಯಸ್ಸಾದ ಚರ್ಮರಿ, ಅದಕ್ಕ ಹೋಗಿರಬೇಕು. ನಂದು ತಗೋರಿ," ಎಂದ. ತೆಗೆದೆ. ಅವನದೂ ಹಾಗೆಯೇ ಕೆಂಪಾಗಿ ಹತ್ತಿತು. ಎರಡನೆಯ ವಾರ ಬಂತು, ಅಂಚು ಏಳಲಿಲ್ಲ. ಇನ್ನೂ ಕೆಲವು ದಿನ ಕಳೆದವು, ಏಳಲಿಲ್ಲ. ನಾನು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹೋಗಿ ನೋಡತೊಡಗಿದೆ. ಹಿರಿಯರು ಹೇಳಿದ 'ಹತ್ತಿರದ ರಕ್ತ' ತಲೆಯಲ್ಲಿ ಕುಣಿಯುತ್ತಿತ್ತು. ಸೋದರಮಾವ ಮತ್ತು ಅಕ್ಕನ ಮಗಳು, ಯಾರಿಗೆ ಗೊತ್ತು, ನಮ್ಮ ಕಡೆಯ ಈ ಪದ್ಧತಿಯೇ ಪುಸ್ತಕವನ್ನು ಸುಳ್ಳು ಮಾಡೀತು ಎಂದುಕೊಂಡೆ. ಆಸೆ ಎನ್ನುವುದು ಡಾಕ್ಟರಿಗೂ ಅಂಟುತ್ತದೆ.

ಆಮೇಲೆ ಒಂದು ಬೆಳಿಗ್ಗೆ ಎಲ್ಲ ತುಂಡುಗಳೂ ಒಮ್ಮೆಗೇ ಕಪ್ಪಾದವು. ನಾಲ್ಕು ದಿನ ಹೆಚ್ಚಿಗೆ ನಿಂತದ್ದು ನಿಜ. ಆ ನಾಲ್ಕು ದಿನ ಇಲ್ಲದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ತಾಯಿ ಮತ್ತೆ ಎದುರು ನಿಂತಳು. "ಈ ಸಲ ಇನ್ನೊಂದ ತೊಡೀದು ತಗೋರಿ."

"ನಿಲ್ಲಂಗಿಲ್ಲವ್ವಾ."

"ಒಂದ ಸಲ ಹೋದ್ರ ಎರಡನೇ ಸಲಾನೂ ಹೋಗತೈತೇನ್ರಿ? ಮೈಗೆ ರೂಢಿ ಆಗಿರತೈತಿ ಈಗ."

ಗಾಯ ತೆರೆದೇ ಇತ್ತು, ಜ್ವರ ಮರಳಿತ್ತು, ಕೈಯಲ್ಲಿ ಬೇರೇನೂ ಇರಲಿಲ್ಲ. ಎರಡು ವಾರ ಸಿಕ್ಕರೂ ಸಿಗಲಿ ಎಂದು ತೆಗೆದು ಹಾಕಿದೆ. ಈ ಸಲ ತುಂಡುಗಳು ಕೆಂಪಾಗಲೇ ಇಲ್ಲ. ಹಾಕಿದ ದಿನದಿಂದ ಕಾಗದದ ಹಾಗೆ ಬೆಳ್ಳಗೆ ಉಳಿದು, ಒಂದು ವಾರ ತುಂಬುವ ಮೊದಲೇ ಉದುರಿದವು. ಮೈಗೆ ರೂಢಿ ಆಗಿತ್ತು, ಅವಳು ಹೇಳಿದ್ದು ನಿಜ. ಆದರೆ ಅದು ತಳ್ಳುವ ರೂಢಿ. ಮೊದಲ ಸಲ ಯಾರೆಂದು ಗುರುತಿಸಲು ದಿನಗಳು ಹಿಡಿದಿದ್ದವು. ಎರಡನೆಯ ಸಲ ಬಾಗಿಲಲ್ಲೇ ಗುರುತು ಹಿಡಿಯಿತು.

ಇದೆಲ್ಲ ಯಾಕೆ ಹೀಗೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಮೂತ್ರಪಿಂಡ ಬದಲಿಸುವವರು ಕೊಡುವವರ ಮತ್ತು ಪಡೆಯುವವರ ಮೈಗುರುತುಗಳನ್ನು ತಾಳೆ ನೋಡತೊಡಗಿದಾಗ. ಮಗು ತಾಯಿಯಿಂದ ಅರ್ಧ ಗುರುತು ಪಡೆಯುತ್ತದೆ, ತಂದೆಯಿಂದ ಅರ್ಧ. ತಾಯಿ ಮಗಳಿಗೆ ಕೊಡದೆ ತನ್ನಲ್ಲೇ ಉಳಿಸಿಕೊಂಡ ಇನ್ನೊಂದು ಅರ್ಧ ಇರುತ್ತದಲ್ಲ, ಅದನ್ನು ಮಗಳ ಮೈ ಅರಿಯದು. ತಾಯಿಯ ಚರ್ಮದಲ್ಲಿ ಆ ಅರ್ಧವೂ ಬಂದಿರುತ್ತದೆ. ಸೋದರಮಾವನದೂ ಹಾಗೆಯೇ: ಒಂದಷ್ಟು ನಮ್ಮದು, ಒಂದಷ್ಟು ಅಲ್ಲದ್ದು. ಮೈ ನಮ್ಮದನ್ನು ನೋಡಿ ಬಿಡುವುದಿಲ್ಲ, ಅಲ್ಲದ್ದನ್ನು ನೋಡಿ ತಳ್ಳುತ್ತದೆ. ಈಗ ಓದಿದರೆ ಸರಳವಾಗಿ ಕಾಣುತ್ತದೆ. ಆಗ ನನ್ನ ಕಣ್ಣಿಗೆ ಕಂಡದ್ದು ಒಂದು ಮಂಚ, ಅದರ ಸುತ್ತ ಚರ್ಮ ಸುಲಿಸಿಕೊಂಡು ಕುಂಟುತ್ತ ಓಡಾಡುವ ಅಕ್ಕ, ತಮ್ಮ.

ಇನ್ನು ಅವಳದೇ ಚರ್ಮ ಬೇಕು. ಎಲ್ಲಿಂದ ತರುವುದು? ಹೊಟ್ಟೆ ಹುಣ್ಣಾಗಿತ್ತು. ಕೈಕಾಲಿನ ಚರ್ಮ ಈಗಷ್ಟೇ ಮಾಯ್ದು ಹಾಳೆಯ ಹಾಗಿತ್ತು. ಎದೆಯ ಮೇಲೆ ತೆಗೆಯಬಹುದಾದ ಜಾಗ ಅಂಗೈಯಗಲ. ಒಂದು ಮಧ್ಯಾಹ್ನ ನರ್ಸಬಾಯಿ ಅವಳ ತಲೆ ಬಾಚುತ್ತಿದ್ದಳು. ಮಂಚದಿಂದ ಕೆಳಗೆ ಇಳಿಬಿದ್ದ ಜಡೆ ನೆಲ ಮುಟ್ಟುವಷ್ಟಿತ್ತು. ತಲೆ ಒಡೆದುಕೊಂಡು ಬರುವ ಹುಡುಗರ ಗಾಯ ಎಷ್ಟು ಬೇಗ ಮಾಯುತ್ತದೆ ಎಂಬುದು ನನಗೆ ಹೊಳೆಯಿತು. ಕೂದಲ ಬುಡಬುಡದಿಂದ ಹೊಸ ಚರ್ಮ ಏಳುತ್ತದೆ. ತಲೆಯಿಂದ ತೆಳ್ಳಗೆ ತೆಗೆದರೆ ಹತ್ತು ಹನ್ನೆರಡು ದಿನಕ್ಕೆ ಮಾಯ್ದು, ಅದೇ ಜಾಗದಿಂದ ಮತ್ತೆ ತೆಗೆಯಬಹುದು. ನಾನು ನೋಡಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಆದರೂ ಇದೇ ದಾರಿ ಎಂದು ನಿರ್ಧರಿಸಿಬಿಟ್ಟೆ. ಕಂಬಳಿ ಕಾಪಾಡಿದ ತಲೆಯೇ ಈಗ ಅವಳನ್ನು ಕಾಪಾಡಬೇಕಿತ್ತು.

ವರಾಂಡಕ್ಕೆ ಹೋಗಿ ಹೇಳಿದೆ. ತಲೆ ಪೂರ್ತಿ ಬೋಳಿಸಬೇಕು ಎಂದೆ.

ಮುದುಕಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. "ಗಂಡ ಇರೂ ಹೆಣಮಗಳ ತಲಿ ಬೋಳಸತಾರೇನ್ರಿ? ನನ್ನ ಮಗ ಇಲ್ಲೆ ಜೀವಂತ ಕುಂತಾನ."

"ಆಯಿ, ಕೂದಲ ಮತ್ತ ಬರತಾವ. ಜೀವ ಹೋದ್ರ ಬರಂಗಿಲ್ಲ."

"ಚರ್ಮ ಬೇಕಲ್ರಿ ನಿಮಗ? ನನ್ನ ತಲಿ ಬೋಳಸ್ರಿ." ತಲೆಯ ಮೇಲಿನ ಸೆರಗು ಸರಿಸಿದಳು. ಒಳಗೆ ನೆರೆತ, ತೆಳ್ಳಗಿನ ಕೂದಲು. "ನಾ ಹೆಂಗೂ ಗಂಡನ್ನ ಕಳಕೊಂಡಾಕಿ, ನನಗ ಯಾರೂ ಏನೂ ಅನ್ನಂಗಿಲ್ಲ. ಎಷ್ಟ ಬೇಕ ಅಷ್ಟ ತಗೋರಿ."

"ನಿನ್ನ ಚರ್ಮ ಅಕೀಗೆ ಹತ್ತಂಗಿಲ್ಲ."

"ಅಕಿ ನನ್ನ ಮೊಮ್ಮಗಳ. ನನ್ನ ಸೊಸಿ. ಎರಡೂ ಕಡಿಂದ ನನ್ನಾಕಿ. ಹತ್ತದ ಎಲ್ಲಿ ಹೋಗತೈತಿ?"

ನಾನು ಕೂಗಾಡಿದೆ. ಮೂರ್ಖರು ಎಂದೆ, ಮಗುವಿನ ತಾಯಿಯನ್ನು ಕೊಲ್ಲುತ್ತೀರಿ ಎಂದೆ. ತಾಯಿ ಅತ್ತಳು. ಗಂಡ ಅವ್ವನ ಮುಖ ನೋಡಿದ, ಹೆಂಡತಿ ಮಲಗಿದ್ದ ಕೋಣೆಯ ಕಡೆ ನೋಡಿದ, ಎದ್ದು ಬಾವಿಯ ಕಡೆ ಹೋದ. ಇಂಥ ಜನ ಎಂದು ತಾತ್ಸಾರ ಮಾಡುವ ಹಾಗಿಲ್ಲ. ಬೇಕೆಂದರೆ ಮೈಯೆಲ್ಲ ಸುಲಿದು ಕೊಡಲು ಮೂವರೂ ತಯಾರಿದ್ದರು. ಅವಳಿಂದ ತೆಗೆಯಬೇಕಾದದ್ದನ್ನು ಮಾತ್ರ ತೆಗೆಯಗೊಡಲಿಲ್ಲ. ದಿನಗಳು ಹೋದವು. ಅವಳು ರೊಟ್ಟಿ ಬಿಟ್ಟು ಗಂಜಿಗೆ ಬಂದಳು, ಗಂಜಿ ಬಿಟ್ಟು ನೀರು ಮಜ್ಜಿಗೆಗೆ ಬಂದಳು. ಎದೆಹಾಲು ಬತ್ತಿತು. ಕೂಸಿಗೆ ಆಕಳ ಹಾಲು ಹಾಕತೊಡಗಿದರು.

ಕೊನೆಗೆ ಮಾತಾಡಿದ್ದು ಅವಳೇ. ಪಟ್ಟಿ ಕಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದೆ.

"ಡಾಕ್ಟರ್ರ, ನನಗ್ಯಾಕ ಕೇಳವಲ್ರಿ?"

"ಏನ್ ಕೇಳಬೇಕವ್ವಾ?"

"ತಲಿ ನಂದಲ್ರಿ? ಬೋಳಸ್ರಿ."

ಕ್ಷೌರದವನಿಗೆ ಹೇಳಿಕಳಿಸಿದೆ. ಅವನು ಪೆಟ್ಟಿಗೆ ಹಿಡಿದು ಒಳಗೆ ಬಂದವನು, ಅವಳ ಹಣೆಯ ಕುಂಕುಮ, ಕೊರಳ ತಾಳಿ ನೋಡಿ, ನನ್ನ ಕೈಲಾಗದು ಎಂದು ಕೈಮುಗಿದು ಹೊರಟೇಬಿಟ್ಟ. ನರ್ಸಬಾಯಿಯೂ ಕತ್ತರಿ ಕೈಯಲ್ಲಿ ಹಿಡಿದು ನಿಂತಳು, ಮುಂದುವರಿಯಲಿಲ್ಲ. ನಾನೇ ಕತ್ತರಿ ಇಸಿದುಕೊಳ್ಳುವಷ್ಟರಲ್ಲಿ ಹುಡುಗಿ ಬಾಗಿಲಲ್ಲಿ ನಿಂತ ಗಂಡನನ್ನು ಕರೆದಳು.

"ಮಾಮಾ, ನೀನ ಬೋಳಸು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಕಾರಹುಣ್ಣಿವಿಗೆ ಎತ್ತಿನ ಕ್ವಾಡ ಹೆರೀತಿಯಲ್ಲ, ಹಂಗ ತಿಳಕೋ. ಅಲಗಾಡಂಗಿಲ್ಲ ನಾ."

ಅವನು ಒಳಗೆ ಬಂದು ನೆಲದ ಮೇಲೆ ಕುಳಿತ. ಮೊದಲು ಜಡೆ ಕತ್ತರಿಸಿದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ತಲೆಯ ಪಟಗದಲ್ಲಿ ಸುತ್ತಿಟ್ಟ. ಆಮೇಲೆ ಸೋಪು ಹಚ್ಚಿ ನನ್ನ ಕ್ಷೌರದ ಕತ್ತಿಯಿಂದ ನಿಧಾನವಾಗಿ, ಒಂದೂ ಗೀರು ಬೀಳದಂತೆ ಬೋಳಿಸಿದ. ಅವನ ಕಣ್ಣೀರು ಅವಳ ನೆತ್ತಿಯ ಮೇಲೆ ಬೀಳುತ್ತಿತ್ತು, ಅವನು ಅದನ್ನು ಸೋಪಿನ ಜತೆಗೇ ಒರೆಸುತ್ತಿದ್ದ. ಹೊರಗೆ ಮುದುಕಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ನೆತ್ತಿಯ ಚರ್ಮದ ಕೆಳಗೆ ಉಪ್ಪುನೀರು ಚುಚ್ಚಿ ಉಬ್ಬಿಸಿ, ಸಮತಟ್ಟು ಮಾಡಿಕೊಂಡು ಚಾಕು ಆಡಿಸಿದೆ. ರಕ್ತ ಬುಳುಬುಳು ಬಂತು. ಬಿಸಿನೀರಿನ ಬಟ್ಟೆ ಒತ್ತಿ ಹಿಡಿಯುತ್ತ, ತೆಗೆಯುತ್ತ, ಮತ್ತೆ ಒತ್ತುತ್ತ, ಎರಡು ಪಟ್ಟಿ ಚರ್ಮ ತೆಗೆದು ತೊಡೆಗಳ ಮೇಲೆ ಹಾಕಿದೆ. ಬಿಚ್ಚಿ ನೋಡಿದರೆ ಕೆಂಪಾಗಿತ್ತು. ಎರಡನೆಯ ವಾರ ಬಂತು, ಹೋಯಿತು, ತುಂಡುಗಳು ಕೆಂಪಾಗಿಯೇ ಉಳಿದವು. ಅಂಚಿನಿಂದ ಬೆಳೆದು ಒಂದಕ್ಕೊಂದು ಕೂಡತೊಡಗಿದವು. ತೊಡೆ ಮುಚ್ಚುತ್ತಿತ್ತು. ತಲೆಯೂ ನಾನು ಎಣಿಸಿದ ಹಾಗೆಯೇ ಮಾಯಿತು. ಮೇಲೆ ಸಣ್ಣಗೆ ಕಪ್ಪು ಕೂದಲು ಕಾಣಿಸಿತು. ನನ್ನ ಲೆಕ್ಕ ಸರಿಯಾಗಿತ್ತು. ತಡವಾಗಿತ್ತು, ಅಷ್ಟೆ.

ಬೆನ್ನು ಇನ್ನೂ ತೆರೆದಿತ್ತು, ಅಲ್ಲಿನ ಹಸಿರು ಕೀವು ಪೆನಿಸಿಲಿನ್ನಿಗೆ ಜಗ್ಗಲಿಲ್ಲ, ಸ್ಟ್ರೆಪ್ಟೋಮೈಸಿನ್ನಿಗೂ ಜಗ್ಗಲಿಲ್ಲ. ಚಳಿಜ್ವರ ಹಿಡಿಯಿತು. ಎರಡನೆಯ ಸಲ ತಲೆಯಿಂದ ತೆಗೆಯಲು ಚಾಕು ಕುದಿಸಿಟ್ಟ ದಿನ ನರ್ಸಬಾಯಿ ಮೂತ್ರದ ಬಾಟಲಿ ತಂದು ತೋರಿಸಿದಳು. ತಳದಲ್ಲಿ ಕಂದು ಬಣ್ಣದ ನಾಲ್ಕು ಹನಿ. ಮೂತ್ರಪಿಂಡಗಳು ನಿಲ್ಲುತ್ತಿದ್ದವು. ಆ ಕಾಲದಲ್ಲಿ ಅದಕ್ಕೆ ನನ್ನ ಬಳಿಯಾಗಲಿ, ಹುಬ್ಬಳ್ಳಿಯಲ್ಲಾಗಲಿ ಏನೂ ಇರಲಿಲ್ಲ. ಚಾಕು ಒರೆಸಿ ಒಳಗಿಟ್ಟೆ.

ಮುದುಕಿ ಆಗ ಎದ್ದು ಬಂದಳು. "ಮತ್ತ ಬೋಳಸ್ರಿ ಡಾಕ್ಟರ್ರ. ಈ ಸಲ ನಾ ಹಿಡಕೊಂತೀನಿ," ಎಂದಳು. ಅವಳಿಗೆ ನಾನು ಬೈಯಲಿಲ್ಲ. ಬೈಯುವಷ್ಟು ಶಕ್ತಿಯೂ ನನ್ನಲ್ಲಿ ಇರಲಿಲ್ಲ. ಬೇಡ ಆಯಿ, ಮಲಗಲಿ ಅವಳು ಎಂದೆ.

ಮರುದಿನವೇನೂ ಅಲ್ಲ, ಇನ್ನೂ ಸ್ವಲ್ಪ ದಿನ ಇದ್ದಳು. ಮುಖ ಬಾತು, ಮಾತು ತೊದಲಿತು. ಕೂಸನ್ನು ಮುಂದೆ ಇಟ್ಟರೆ ಗುರುತಿಸುತ್ತಿದ್ದಳು, ಆಮೇಲೆ ಅದೂ ನಿಂತಿತು. ಸಂತೆಯ ದಿನ, ಬೆಳಗಿನ ಹೊತ್ತು, ಬೀದಿಯಲ್ಲಿ ಗಾಡಿಗಳು ಹೋಗುತ್ತಿರುವಾಗ ಉಸಿರು ನಿಂತಿತು.

ಶಿರೋಳಕ್ಕೆ ಒಯ್ದು ಮಣ್ಣು ಮಾಡಲು ಗಾಡಿ ಕಟ್ಟುತ್ತಿದ್ದರು. ಒಳಗೆ ನರ್ಸಬಾಯಿ ಮತ್ತು ತಾಯಿ ಅವಳ ಮೈ ಒರೆಸಿ ಹಸಿರು ಸೀರೆ ಸುತ್ತುತ್ತಿದ್ದರು. ಪಟ್ಟಿಗಳನ್ನೆಲ್ಲ ಬಿಚ್ಚಿದ್ದರು. ನಾನು ಒಳಗೆ ಹೋದಾಗ ತಾಯಿ ಮಗಳ ತೊಡೆಯ ಮೇಲೆ ಕೂಡಿಕೊಂಡಿದ್ದ ಹೊಸ ಚರ್ಮವನ್ನು ಬೆರಳಿಂದ ಸವರುತ್ತಿದ್ದಳು. ಅದು ಮಾತ್ರ ನುಣ್ಣಗೆ, ಚೆನ್ನಾಗಿ ಇತ್ತು.

"ಇದು ಯಾರದರಿ?"

"ಅಕೀದ ಅವ್ವಾ. ತಲಿಮ್ಯಾಲಿಂದು."

"ನಂದು?"

"ನಿಂದು ಹೋತು."

"ಒಂದ ಚೂರಾದ್ರೂ ಉಳದಿಲ್ಲೇನ್ರಿ? ನೋಡಿ ಹೇಳ್ರಿ. ಮಣ್ಣಿಗೆ ಹೊಂಟಾಳ, ಅಕೀ ಜೋಡಿ ನಂದೊಂದ ಚೂರ ಹೋಗ್ಲಿ."

ಇದೆ ಎಂದು ಹೇಳಿಬಿಡಬಹುದಿತ್ತು. ಯಾರಿಗೂ ನಷ್ಟವಿರಲಿಲ್ಲ. ಆದರೂ ಇಲ್ಲವ್ವಾ ಎಂದೆ.

ಅವಳು ಸೀರೆಯ ನಿರಿಗೆ ಸರಿಮಾಡಿದಳು. ಮಗಳ ಬೋಳುತಲೆಯ ಮೇಲೆ ಸೆರಗು ಎಳೆದಳು. ನನ್ನ ಕಡೆ ನೋಡದೆ, ಲೆಕ್ಕವೊಂದು ತಪ್ಪಿದ್ದನ್ನು ತೋರಿಸುವವಳ ಹಾಗೆ ಮೆಲ್ಲಗೆ ಕೇಳಿದಳು:

"ಅಲ್ರಿ, ನನ್ನ ಮೈ ಅಕೀನ್ನ ಒಂಬತ್ತ ತಿಂಗಳ ಇಟಗೊಂಡಿತ್ತು. ಅಕೀ ಮೈಗೆ ನನ್ನನ್ನ ಹದಿನೈದ ದಿನ ಇಟಗೊಳ್ಳಾಕ ಆಗಲಿಲ್ಲೇನ್ರಿ?"

ಹೊರಗೆ ಕೂಸು ಅಳತೊಡಗಿತು. ಅವಳು ಇನ್ನೂ ಮಾಯದ ತೊಡೆಗೆ ಕಟ್ಟಿದ್ದ ಪಟ್ಟಿಯನ್ನು ಹಿಡಿದುಕೊಂಡು, ಕುಂಟುತ್ತ ಎತ್ತಿಕೊಳ್ಳಲು ಹೋದಳು.